ಮೂವತ್ತು ಹೆಜ್ಜೆಯ ಅಂಗಡಿ

ನ್ಯಾಮತಿಯಲ್ಲಿ ನಮ್ಮ ಮಾವನವರ ಕಾಲದ ಕಿರಾಣಿ ಅಂಗಡಿಯ ಹೊಸ್ತಿಲಿನಿಂದ ಶಾಲೆಯ ಗೇಟಿಗೆ ಸರಿಯಾಗಿ ಮೂವತ್ತು ಹೆಜ್ಜೆ. ನನ್ನ ಹೆಜ್ಜೆಯಲ್ಲಿ ಹೇಳುತ್ತಿದ್ದೇನೆ. ನಮ್ಮ ಯಜಮಾನರ ಹೆಜ್ಜೆಯಲ್ಲಾದರೆ ಇನ್ನೂ ಕಡಿಮೆ. ಮಧ್ಯಾಹ್ನ ಅವರು ಊಟ ಮಾಡಿ ಅಡ್ಡಾಗುವ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಪಾಳಿ ನನ್ನದು. ಶಾಲೆಯ ಗಂಟೆ ಹೊಡೆಯುವುದೂ ಅದೇ ಹೊತ್ತಿಗೆ. ಹಾಗಾಗಿ ಊರಿನ ಎರಡು ತಲೆಮಾರಿನ ಮಕ್ಕಳು ಏನು ತಿಂದರು, ಎಷ್ಟು ತಿಂದರು ಎನ್ನುವುದನ್ನು ಅವರವರ ತಾಯಂದಿರಿಗಿಂತ ನಾನೇ ಹೆಚ್ಚು ನೋಡಿದ್ದೇನೆ ಎಂದರೆ ಜಂಬವೇನಲ್ಲ.

ಇದನ್ನು ಬರೆಯಬೇಕು ಎನ್ನಿಸಿದ್ದು ಹೊನ್ನಾಳಿಯಲ್ಲಿ, ಒಬ್ಬ ಡಾಕ್ಟರರ ಕೋಣೆಯ ಹೊರಗೆ. ನನ್ನ ಮೊಮ್ಮಗಳಿಗೆ ಹನ್ನೊಂದು ವರ್ಷ. ತೂಕ ಜಾಸ್ತಿ, ಕುತ್ತಿಗೆಯ ಹಿಂದೆ ಕಪ್ಪು ಬರುತ್ತಿದೆ, ಈಗಿನಿಂದಲೇ ಎಚ್ಚರ ವಹಿಸದಿದ್ದರೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದರು. ಹೊರಗೆ ಬಂದ ನನ್ನ ಮಗಳು ಬೆಂಚಿನ ಮೇಲೆ ಕೂತವಳೇ ಆ ಹುಡುಗಿಗೆ, "ನಿನ್ನ ನಾಲಿಗೆ ಚಪಲಕ್ಕೆ ಇಷ್ಟಾಯಿತು ನೋಡು, ಸ್ವಲ್ಪವಾದರೂ ಮನಸ್ಸು ಗಟ್ಟಿ ಬೇಡವೇ" ಎಂದು ಗದರಿದಳು. ಹುಡುಗಿ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳನ್ನು ನೋಡುತ್ತಾ ಕೂತಿತು. ನನಗೆ ಮಾತು ಹೊರಡಲಿಲ್ಲ. ಮನಸ್ಸು ಗಟ್ಟಿ ಇಲ್ಲದ್ದು ಅವಳಿಗೋ ಅಥವಾ ಮನಸ್ಸು ಗಟ್ಟಿ ಇರಬಾರದೆಂದೇ ಯಾರಾದರೂ ಅದನ್ನು ಹಾಗೆ ಮಾಡಿದ್ದರೋ? ರಜೆಯಲ್ಲಿ ಬಂದಾಗ ಅವಳಿಗೆ ಆ ಸರದಿಂದ ಪ್ಯಾಕೆಟ್ಟು ಹರಿದು ಕೊಟ್ಟ ಕೈ ನನ್ನದೇ.

ನಾನು ಮದುವೆಯಾಗಿ ನ್ಯಾಮತಿಗೆ ಬಂದಾಗ ಅದು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ, ಜಿಲ್ಲೆ ಶಿವಮೊಗ್ಗ. ತವರು ಜಗಳೂರಿನ ಕಡೆ, ಅದು ಆಗ ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ತವರೂ ಗಂಡನ ಮನೆಯೂ ಒಂದೇ ಜಿಲ್ಲೆಗೆ ಸೇರಿದವು, ಅಕ್ಕನನ್ನು ಕೊಟ್ಟ ಚನ್ನಗಿರಿಯೂ ಸೇರಿತು. ನ್ಯಾಮತಿ ಸ್ವತಃ ತಾಲ್ಲೂಕಾಗುವುದೆಂದು ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ.

ಆಗ ಅಂಗಡಿಯಲ್ಲಿ ಮಕ್ಕಳ ತಿಂಡಿ ಎಂದರೆ ಮಂಡಕ್ಕಿ. ದಾವಣಗೆರೆಯ ಭಟ್ಟಿಗಳಿಂದ ಆಳೆತ್ತರದ ಚೀಲಗಳು ಬರುತ್ತಿದ್ದವು. ಕಾದ ಮರಳಿನಲ್ಲಿ ಹುರಿದು ಅರಳಿಸಿದ ಅಕ್ಕಿ, ತೂಕವಿಲ್ಲದ ಚೀಲ, ಹುಡುಗರೂ ಹೊರಬಹುದಿತ್ತು. ಸೇರಿನಲ್ಲಿ ಅಳೆದು, ಹಳೆಯ ಪತ್ರಿಕೆಯ ಪೊಟ್ಟಣ ಕಟ್ಟಿ, ಮೇಲೆ ಒಂದು ಹಿಡಿ ಖಾರ, ನಾಲ್ಕು ಶೇಂಗಾ. ಜೊತೆಗೆ ಗಾಜಿನ ಭರಣಿಗಳಲ್ಲಿ ಪುಟಾಣಿ, ಬೆಲ್ಲದ ಮಿಠಾಯಿ, ಪೆಪ್ಪರಮಿಂಟು. ಅಷ್ಟೇ.

ಒಂದು ಸಂಗತಿ ನನಗೆ ಚೆನ್ನಾಗಿ ನೆನಪಿದೆ. ಮಂಡಕ್ಕಿ ಕೊಂಡ ಹುಡುಗ ಅರ್ಧ ತಿಂದು ಉಳಿದದ್ದನ್ನು ಪೊಟ್ಟಣ ಮಡಚಿ ಜೇಬಿಗೆ ಸೇರಿಸುತ್ತಿದ್ದ. ಅದೇ ಜೇಬಿನ ಮಂಡಕ್ಕಿ ಸಂಜೆಯ ಹೊತ್ತಿಗೆ ಮೆತ್ತಗಾಗಿ, ತಾಯಿ ಅಂಗಿ ಒಗೆಯುವಾಗ ಕಲ್ಲಿನ ಮೇಲೆ ಬೀಳುತ್ತಿತ್ತು. ಮುಂದೆ ಬಂದ ಬಣ್ಣದ ಪ್ಯಾಕೆಟ್ಟನ್ನು ಅರ್ಧಕ್ಕೆ ಮಡಚಿ ಜೇಬಿಗಿಟ್ಟ ಒಂದು ಮಗುವನ್ನೂ ನಾನು ಕಾಣಲಿಲ್ಲ. ಅದರ ಮೂಲೆಗಳನ್ನು ಹರಿದು, ಒಳಗಿನ ಬೆಳ್ಳಿ ಬಣ್ಣದ ಹಾಳೆಯನ್ನು ನೆಕ್ಕಿ, ಇನ್ನೊಂದಕ್ಕೆ ಕೈ ಚಾಚುತ್ತಿದ್ದರು.

ತವರಿನ ಊಟದಲ್ಲಿ 'ಸಾಕು' ಎನ್ನುವುದು ಊಟದೊಳಗೇ ಇರುತ್ತಿತ್ತು. ಜಗಳೂರು ಮೊದಲೇ ಮಳೆ ಕಡಿಮೆಯ ಸೀಮೆ. ಜೋಳ, ನವಣೆ, ಸಜ್ಜೆ, ರಾಗಿ ಬೆಳೆದದ್ದೇ ಊಟ. ಅವ್ವ ಮಾಡುವ ಜೋಳದ ಮುದ್ದೆಯನ್ನು ಒಂದು ತಿಂದವರು ಎರಡನೆಯದಕ್ಕೆ ಯೋಚಿಸಬೇಕಿತ್ತು, ಮೂರನೆಯದನ್ನು ತಿನ್ನುವವನ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು. ರೊಟ್ಟಿಯನ್ನಂತೂ ಅಗಿಯದೆ ನುಂಗಲು ಸಾಧ್ಯವೇ ಇಲ್ಲ. ಬಡತನವೂ ಇತ್ತು, ಅದನ್ನು ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ಎಷ್ಟೋ ರಾತ್ರಿ ಅವ್ವ ಅಂಬಲಿ ಕುಡಿದು ಮಲಗಿದ್ದಾಳೆ. ಆದರೆ ತಿಂದದ್ದು ಹೊಟ್ಟೆಗೆ ಗೊತ್ತಾಗುತ್ತಿತ್ತು.

ಬಣ್ಣದ ಸರಗಳು ಒಂದೇ ದಿನ ಬಂದು ತೂಗಾಡಲಿಲ್ಲ. ಎರಡು ನಿಮಿಷದ ಮ್ಯಾಗಿ ಭಾರತಕ್ಕೆ ಬಂದದ್ದು 1983ರಲ್ಲಿ. ನಮ್ಮ ಅಂಗಡಿಗೆ ಅದು ಬರಲು ಮತ್ತೆ ಎಷ್ಟೋ ವರ್ಷ ಹಿಡಿಯಿತು. 1990ರಲ್ಲಿ ಪೆಪ್ಸಿ ಬಂತು, 1977ರಲ್ಲಿ ದೇಶ ಬಿಟ್ಟಿದ್ದ ಕೋಕಾ ಕೋಲಾ 1993ರಲ್ಲಿ ಮರಳಿತು. 1992ರಲ್ಲಿ ಅಂಕಲ್ ಚಿಪ್ಸ್, 1995ರಲ್ಲಿ ಲೇಸ್, 1999ರಲ್ಲಿ ಕುರ್ಕುರೆ. ಟೀವಿ ಮೊದಲು ಬಂತು, ತಿಂಡಿ ಅದರ ಹಿಂದೆ ಬಂತು. ಮಕ್ಕಳು ಹೆಸರು ಹಿಡಿದು ಕೇಳತೊಡಗಿದರು. ಮಂಡಕ್ಕಿಯನ್ನು ಯಾವ ಮಗುವೂ ಹೆಸರು ಹಿಡಿದು, ಬಣ್ಣ ಹೇಳಿ ಕೇಳಿರಲಿಲ್ಲ. ಯಜಮಾನರು ಸುತಳಿ ಕಟ್ಟಿ ಸರಗಳನ್ನು ಬಾಗಿಲಿಗೆ ಇಳಿಬಿಟ್ಟರು, ಮದುವೆ ಮನೆಯ ಹೂವಿನ ಪರದೆಯ ಹಾಗೆ. ನೋಡಲು ಚೆನ್ನಾಗಿಯೇ ಇತ್ತು. ವ್ಯಾಪಾರವೂ ಚೆನ್ನಾಗಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮಗಳಿಗೂ ತಾನು ಗದರಿದ್ದಕ್ಕೆ ಬೇಸರವಾಗಿರಬೇಕು. ಅವಳು ಓದಿಕೊಂಡವಳು, ಈ ತಿಂಡಿಗಳ ಚರಿತ್ರೆ ತಿಳಿಸುವ ಪುಸ್ತಕ, ವರದಿಗಳನ್ನೆಲ್ಲ ಹುಡುಕಿ ರಾತ್ರಿ ನನಗೆ ಓದಿ ಹೇಳತೊಡಗಿದಳು. ಅದರಲ್ಲಿ ಅಮೆರಿಕದ ಮೈಕೆಲ್ ಮಾಸ್ ಎಂಬ ಪತ್ರಕರ್ತ 2013ರಲ್ಲಿ ಬರೆದದ್ದು ನನ್ನನ್ನು ನಿದ್ದೆಗೆಡಿಸಿತು.

ಕಥೆ ಸೈನ್ಯದಿಂದ ಶುರುವಾಗುತ್ತದೆ. ಅಮೆರಿಕದ ನೇಟಿಕ್ ಎಂಬಲ್ಲಿ ಸೈನ್ಯದ ಪ್ರಯೋಗಾಲಯವಿದೆ. 1970ರ ಸುಮಾರಿಗೆ ಅಲ್ಲಿ ಹೊವಾರ್ಡ್ ಮಾಸ್ಕೊವಿಟ್ಜ್ ಎಂಬ ತರುಣ ವಿಜ್ಞಾನಿ ಕೆಲಸ ಮಾಡುತ್ತಿದ್ದ. ಅಲ್ಲಿಯ ಚಿಂತೆ ಏನು ಗೊತ್ತೇ? ಸೈನಿಕರು ಕಟ್ಟಿಕೊಟ್ಟ ಊಟವನ್ನು ಪೂರ್ತಿ ತಿನ್ನದೆ ಎಸೆಯುತ್ತಾರೆ ಎನ್ನುವುದು. ತಿನ್ನಿಸುವುದು ಹೇಗೆ? ರುಚಿ ಜೋರಾಗಿರುವ ಅಡುಗೆ ಮೊದಲು ಹಿತವೆನಿಸಿದರೂ ಬೇಗ ಬೇಸರ ಬರುತ್ತದೆ, ಸಪ್ಪೆ ಬಿಳಿ ಬ್ರೆಡ್ಡು ಮಾತ್ರ ಎಷ್ಟು ಸಲ ಕೊಟ್ಟರೂ ಬೇಸರ ಬರುವುದಿಲ್ಲ ಎಂದು ಅವನು ಕಂಡ. ಇದನ್ನು ಕೇಳಿ ನನಗೆ ನಗು ಬಂತು. ದಿನಾ ಮೈಸೂರುಪಾಕು ತಿನ್ನಲಾಗದು, ದಿನಾ ರೊಟ್ಟಿ ತಿನ್ನಬಹುದು ಎನ್ನಲು ನಮ್ಮ ಅವ್ವನಿಗೆ ಪ್ರಯೋಗಾಲಯ ಬೇಕಿರಲಿಲ್ಲ.

ಆದರೆ ಅವ್ವನ ಕೈಗೆ ಆ ತಿಳಿವಳಿಕೆ ಸಿಕ್ಕಿದ್ದು ಬೇರೆ, ಕಂಪನಿಗಳ ಕೈಗೆ ಸಿಕ್ಕಿದ್ದು ಬೇರೆ. ಮಾಸ್ಕೊವಿಟ್ಜ್ ಮುಂದೆ ತಂಪು ಪಾನೀಯ, ಸಾಸು ಮಾಡುವ ಕಂಪನಿಗಳಿಗೆ ಸಲಹೆಗಾರನಾದ. ಒಂದು ಪದಾರ್ಥಕ್ಕೆ ಸಿಹಿ ಹಾಕುತ್ತಾ ಹೋದರೆ ಇಷ್ಟವೂ ಏರುತ್ತಾ ಹೋಗುತ್ತದೆ, ಒಂದು ಹಂತ ದಾಟಿದರೆ ಇಳಿಯುತ್ತದೆ. ಆ ತುದಿಯ ಹಂತವನ್ನು ಹತ್ತಾರು ಬಗೆಯಲ್ಲಿ ಕಲಸಿ, ನೂರಾರು ಜನಕ್ಕೆ ತಿನ್ನಿಸಿ, ಲೆಕ್ಕ ಹಾಕಿ ಹಿಡಿಯುವುದು ಅವನ ವಿದ್ಯೆ. ಅದಕ್ಕೆ 'ಬ್ಲಿಸ್ ಪಾಯಿಂಟ್' ಎಂದು ಹೆಸರು. ಆನಂದದ ಬಿಂದು ಎನ್ನೋಣವೇ? ಅದರ ಜೊತೆಗೆ ಇನ್ನೊಂದು ಜಾಣತನ: ಖಾರ, ಹುಳಿ, ಉಪ್ಪು, ಸಿಹಿ ಎಲ್ಲ ಇರಬೇಕು, ಯಾವುದೂ ಎದ್ದು ಕಾಣಬಾರದು. ಒಂದೇ ರುಚಿ ಎದ್ದು ಕಂಡರೆ ನಾಲಿಗೆ ಬೇಗ ದಣಿದು 'ಸಾಕು' ಎಂದುಬಿಡುತ್ತದೆ. ಎದ್ದು ಕಾಣದಿದ್ದರೆ ಅದು ದಣಿಯುವುದೇ ಇಲ್ಲ.

ಇನ್ನು ಮೆಕ್ಕೆಜೋಳದ ಸಂಗತಿ. ಇದನ್ನು ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇದು ನಮ್ಮ ಹೊಲದ ಮಾತು. ತೊಂಬತ್ತರ ದಶಕದಿಂದೀಚೆಗೆ ನೋಡುನೋಡುತ್ತಿದ್ದಂತೆ ತವರಿನ ಹೊಲಗಳಲ್ಲಿ ಜೋಳ, ನವಣೆ ಹೋಗಿ ಮೆಕ್ಕೆಜೋಳ ಬಂತು. ಜಗಳೂರು, ಹೊನ್ನಾಳಿ, ನ್ಯಾಮತಿ ಎಲ್ಲೆಲ್ಲೂ ಅದೇ. ಕೈಗೆ ರೊಕ್ಕ ಬರುತ್ತದೆ, ಅಣ್ಣತಮ್ಮಂದಿರನ್ನು ದೂರಿ ಫಲವಿಲ್ಲ. ಆದರೆ ಮನೆಯ ಕಣಜಕ್ಕೆ ಅದು ಸೇರುವುದಿಲ್ಲ. ಒಣಗಿಸಿ, ಚೀಲ ತುಂಬಿ, ಲಾರಿಗೆ ಹೇರಿದರೆ ಮುಗಿಯಿತು. ಕೋಳಿ ಮೇವಿಗೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಎಥನಾಲಿಗೆ. ಉತ್ತರ ಕರ್ನಾಟಕದವರು ಅದನ್ನು ಗೋವಿನಜೋಳ ಎನ್ನುತ್ತಾರಲ್ಲ, ಆ ಹೆಸರಿಗೆ ತಕ್ಕ ಕಥೆಯೊಂದು ಅಮೆರಿಕದಲ್ಲಿ ನಡೆದಿದೆ. 1930ರ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯದ ಬಿಲಾಯ್ಟ್ ಎಂಬ ಊರಿನಲ್ಲಿ ಫ್ಲೇಕಾಲ್ ಎಂಬ ಕಂಪನಿ ದನಗಳ ಮೇವಿಗಾಗಿ ಮೆಕ್ಕೆಜೋಳ ಅರೆಯುತ್ತಿತ್ತು. ಯಂತ್ರ ಕಟ್ಟಿಕೊಳ್ಳದಿರಲೆಂದು ಕೆಲಸಗಾರರು ನೀರಿನಲ್ಲಿ ನೆನೆದ ಕಾಳು ಸುರಿಯುತ್ತಿದ್ದರು. ಕಾದ ಯಂತ್ರದ ಬಾಯಿಂದ ಆ ಹಿಟ್ಟು ಉಬ್ಬಿ, ಹುರಿಯ ಹಾಗೆ ಸುರುಳಿಸುರುಳಿಯಾಗಿ ಹೊರಬಂದು ಗಟ್ಟಿಯಾಯಿತು. ಎಡ್ವರ್ಡ್ ವಿಲ್ಸನ್ ಎಂಬ ಕೆಲಸಗಾರ ಅದನ್ನು ಮನೆಗೊಯ್ದು, ಉಪ್ಪು ಖಾರ ಹಾಕಿ ರುಚಿ ನೋಡಿದ. ಜಗತ್ತಿನ ಉಬ್ಬಿದ ಮೆಕ್ಕೆಜೋಳದ ತಿಂಡಿಗಳ ಮೂಲಪುರುಷ ಅದೇ. ನಮ್ಮ ಅಂಗಡಿಯ ಬಾಗಿಲಲ್ಲಿ ತೂಗುತ್ತಿದ್ದ ಎಷ್ಟೋ ಪ್ಯಾಕೆಟ್ಟುಗಳ ಹುಟ್ಟು ದನದ ಮೇವಿನ ಯಂತ್ರದಲ್ಲಿ.

ಮಂಡಕ್ಕಿಯೂ ಗಾಳಿ ತುಂಬಿದ್ದೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಮಗಳನ್ನು ಕೇಳಿದೆ. ಹೌದು, ಆದರೆ ಮಂಡಕ್ಕಿಯೊಳಗೆ ಎಣ್ಣೆಯಿಲ್ಲ. ದಾವಣಗೆರೆಯವರು ಅದರ ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟು ಆ ಕೊರತೆ ತುಂಬಿಕೊಳ್ಳುತ್ತಾರೆ, ಅದು ಬೇರೆ ಮಾತು. ಆದರೂ ಬಜ್ಜಿ ಕಣ್ಣಿಗೆ ಕಾಣುತ್ತದೆ, ಎರಡು ತಿಂದೆ ಎಂದು ಎಣಿಸಬಹುದು. ಪ್ಯಾಕೆಟ್ಟಿನ ಎಣ್ಣೆ ಕಾಣುವುದಿಲ್ಲ. ಆಲೂಗಡ್ಡೆ ಚಿಪ್ಸಿನ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಎಣ್ಣೆಯೇ. ನೂರು ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ಅಷ್ಟೇ ಚಿಪ್ಸಿನಲ್ಲಿ 500ಕ್ಕೂ ಮೇಲೆ. ಇಷ್ಟಿದ್ದರೂ ಅದು ಬಾಯಲ್ಲಿ ಕರಗಿಹೋಗುತ್ತದೆ. ಕರಗಿಹೋದದ್ದನ್ನು ಮಿದುಳು ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ತಿನ್ನುತ್ತಲೇ ಇರಬಹುದು ಎಂದು ಸ್ಟೀವನ್ ವಿದರ್ಲಿ ಎಂಬ ಆಹಾರ ವಿಜ್ಞಾನಿ ವಿವರಿಸಿದ್ದಾರೆ. ಇದು ಸಾಲದೆಂದು ಸದ್ದು ಬೇರೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಪ್ಸು ಕಡಿಯುವವರ ಕಿವಿಗೆ ಅದರ 'ಕರುಂ' ಸದ್ದನ್ನೇ ಜೋರು ಮಾಡಿ ಕೇಳಿಸಿದರೆ ಅದೇ ಚಿಪ್ಸು ಅವರಿಗೆ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನ್ನಿಸಿತಂತೆ. ನಾವು ಹಪ್ಪಳ ಕರಿಯುವಾಗ ಇದನ್ನೆಲ್ಲ ಯೋಚಿಸಿದ್ದೆವೇ!

ಇದೆಲ್ಲ ನಿಜವಾಗಿಯೂ ಹೆಚ್ಚು ತಿನ್ನಿಸುತ್ತದೆಯೇ? ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಪರೀಕ್ಷಿಸಿದರು. ವರದಿ ಬಂದದ್ದು 2019ರಲ್ಲಿ. ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಅಡುಗೆಮನೆಯ ಆಹಾರ. ಬಡಿಸಿದ್ದರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಿ ಎಂದು ಬಿಟ್ಟರು. ಕಾರ್ಖಾನೆಯ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗ ತಿಂದರು, ಸುಮಾರು ಒಂದು ಕಿಲೋ ತೂಕ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಅದೇ ಮನುಷ್ಯ, ಅದೇ ಮನಸ್ಸು. ಇದನ್ನು ಓದುವಾಗ ಮಗಳ ದನಿ ಸಣ್ಣಗಾಯಿತು. ಒಳಕೋಣೆಯಲ್ಲಿ ಹುಡುಗಿ ಮಲಗಿತ್ತು.

ಚನ್ನಗಿರಿಯ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅಡಿಕೆ ತೋಟದ ಮನೆ ಅವಳದು. ಅವಳು ಥಟ್ಟನೆ, "ಇದು ಗುಟ್ಕಾದ ಹಾಗೇ ಆಯಿತಲ್ಲೇ" ಎಂದಳು. ಅಡಿಕೆಯೂ ಮೊದಲು ಊಟವಾದ ಮೇಲೆ, ತಟ್ಟೆಯಲ್ಲಿಟ್ಟು, ಎಲೆಗೆ ಸುಣ್ಣ ಹಚ್ಚಿ, ನಾಲ್ಕು ಮಾತಾಡುತ್ತಾ ಹಾಕಿಕೊಳ್ಳುವಂಥದ್ದು. ಅದೇ ಅಡಿಕೆ ತಂಬಾಕು ಬೆರೆತು ಚೀಟಿಯಾಗಿ ಸರಕ್ಕೇರಿದ ಮೇಲೆ ಹೊತ್ತಿಲ್ಲ, ಗೊತ್ತಿಲ್ಲ, ಮಿತಿಯಿಲ್ಲ. 2013ರಲ್ಲಿ ನಮ್ಮ ಸರ್ಕಾರ ಗುಟ್ಕಾ ನಿಷೇಧಿಸಿತು. ಅಕ್ಕ ಸುಮ್ಮನೆ ಆಡಿದ ಮಾತಿಗೆ ಚರಿತ್ರೆಯ ಸಾಕ್ಷಿಯೂ ಇದೆ. ಸಿಗರೇಟು ಮಾಡುವ ಫಿಲಿಪ್ ಮಾರಿಸ್ ಕಂಪನಿ 1985ರಲ್ಲಿ ಜನರಲ್ ಫುಡ್ಸ್ ಎಂಬ ದೊಡ್ಡ ತಿಂಡಿ ಕಂಪನಿಯನ್ನು, 1988ರಲ್ಲಿ ಕ್ರಾಫ್ಟ್ ಕಂಪನಿಯನ್ನು ಕೊಂಡುಕೊಂಡಿತು. ಇನ್ನೊಂದು ಸಿಗರೇಟು ಕಂಪನಿ 1985ರಲ್ಲೇ ನಬಿಸ್ಕೊ ಬಿಸ್ಕತ್ತಿನ ಜೊತೆ ಒಂದಾಯಿತು. ಬಿಡಲಾಗದ ಚಟವನ್ನು ಮಾರಿ ಬಲ್ಲವರು ತಿಂಡಿಯ ವ್ಯಾಪಾರಕ್ಕೆ ಕೂತರೆ ಹೇಗಿರುತ್ತದೆ, ನೀವೇ ಯೋಚಿಸಿ.

ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದ ತಿಂಡಿಗಳನ್ನು ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಮಾರಬಾರದು ಎಂದು 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿತು. ನಮ್ಮ ಅಂಗಡಿಗೆ ಟೇಪು ಹಿಡಿದು ಯಾರೂ ಬರಲಿಲ್ಲ. ನಾವೂ ಹೇಳಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಅಂಗಡಿ ಬೇರೆಯವರಿಗೆ ಹೋಯಿತು. ಮೊನ್ನೆ ನೋಡಿದೆ, ಸರಗಳು ಇನ್ನೂ ದಟ್ಟವಾಗಿವೆ. ಹಳೆಯ ಲೆಕ್ಕದ ಪುಸ್ತಕಗಳು ಮಾತ್ರ ನನ್ನ ಟ್ರಂಕಿನಲ್ಲಿವೆ. ತಿರುವುತ್ತಾ ಹೋದರೆ 'ಮಂಡಕ್ಕಿ ಚೀಲ' ಎಂಬ ಬರಹ ತೆಳುವಾಗುತ್ತಾ ಬಂದು, ಒಂದು ಪುಟದ ನಂತರ ಕಾಣುವುದೇ ಇಲ್ಲ. ಆ ಪುಟದ ಅಕ್ಷರ ನನ್ನದು. ಮಕ್ಕಳ ಓದಿಗೆ, ಮಗಳ ಮದುವೆಗೆ ಆ ಸರಗಳ ಲಾಭವೂ ಸೇರಿದೆ ಎನ್ನುವುದನ್ನು ಮುಚ್ಚಿಡಲಾರೆ.

ಕಳೆದ ದೀಪಾವಳಿಗೆ ಮೊಮ್ಮಗಳನ್ನು ಕರೆದುಕೊಂಡು ಜಗಳೂರಿಗೆ ಹೋಗಿದ್ದೆ. ರಸ್ತೆಯುದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ತಮ್ಮನ ರಾಶಿಯ ಪಕ್ಕ ಕೂತು ಹುಡುಗಿ ಕೆಂಪು ಪುಡಿ ಮೆತ್ತಿದ ಬೆರಳು ಚೀಪುತ್ತಿದ್ದಳು. ತಮ್ಮನ ಮೊಮ್ಮಕ್ಕಳು ಯಾರೋ ಕೊಟ್ಟಿದ್ದರು. ಒಂದು ಕಾಳು ಅವಳ ಅಂಗೈಗೆ ಹಾಕಿ, ಬಿಲಾಯ್ಟಿನ ಯಂತ್ರದ ಕಥೆ ಹೇಳಿದೆ. ಕಣ್ಣರಳಿಸಿ ಕೇಳಿದಳು. ಕಾಳನ್ನು ಕಡಿದು ನೋಡಿ, ಗಟ್ಟಿ ಎಂದು ಉಗಿದಳು. "ಅಜ್ಜಿ, ಹಾಗಾದರೆ ಅಮ್ಮ ಬೈದದ್ದು ಸುಳ್ಳಾ?" ಎಂದಳು. ಸುಳ್ಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಪ್ಯಾಕೆಟ್ಟು ಕೊಡಿಸುತ್ತೀಯಾ ಎಂದು ಕೇಳಿದಳು. ಒಳಗೆ ತಮ್ಮನ ಹೆಂಡತಿ ರೊಟ್ಟಿ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು. ಕೈ ಹಿಡಿದು ಎಬ್ಬಿಸಿಕೊಂಡು ಒಳಗೆ ಹೋದೆ. ಒಂದು ರೊಟ್ಟಿ ತಿಂದಳು, ಎರಡನೆಯದರಲ್ಲಿ ಅರ್ಧ ಬಿಟ್ಟಳು.