ಗಂಟೆಯಿಂದ ಮೊಬೈಲಿಗೆ: ಒಂದು ಸಾಲಿನ ಎಚ್ಚರಿಕೆಯ ಕತೆ



2023ರ ಅಕ್ಟೋಬರ್ 12, ಗುರುವಾರ. ಕರ್ನಾಟಕದಲ್ಲಿ ಮೊಬೈಲುಗಳು ಇದ್ದಕ್ಕಿದ್ದಂತೆ ಒಟ್ಟಿಗೆ ಕಿರುಚಿಕೊಂಡವು. ಇದು ಬರೀ ಪರೀಕ್ಷೆ, ಏನೂ ಮಾಡಬೇಕಾಗಿಲ್ಲ ಎಂಬ ಅರ್ಥದ ಸಂದೇಶವೊಂದು ಪರದೆಯ ಮೇಲೆ ಬಂತು. ಕಳಿಸಿದ್ದು ಕೇಂದ್ರದ ದೂರಸಂಪರ್ಕ ಇಲಾಖೆ. ಎಂಟು ದಿನ ಕಳೆದು 20ರಂದು ತಮಿಳುನಾಡಿನ ಸರದಿ. ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ದುಡಿಯಲು ಹೋಗುವ ನಮ್ಮ ಹೊಸೂರಿನ ಎಷ್ಟೋ ಜನರ ಫೋನು ಎರಡು ಸಲವೂ ಕೂಗಿರಬೇಕು. ಏಕೆಂದರೆ ಈ ಸಂದೇಶ ನಿಮ್ಮ ಸಿಮ್ ಯಾವ ರಾಜ್ಯದ್ದು ಎಂದು ಕೇಳುವುದಿಲ್ಲ. ನೀವು ಆ ಹೊತ್ತಿಗೆ ಯಾವ ಟವರಿನ ಕೆಳಗೆ ನಿಂತಿದ್ದೀರಿ ಎಂಬುದಷ್ಟೇ ಅದಕ್ಕೆ ಬೇಕು.

ನಮ್ಮ ದೇವಾಲಯದ ಗಂಟೆಯೂ ಹಾಗೆಯೇ ಅಲ್ಲವೇ? ಅದಕ್ಕೆ ಯಾರ ಹೆಸರೂ ಗೊತ್ತಿಲ್ಲ, ಕೇಳುವಷ್ಟು ದೂರದಲ್ಲಿರುವ ಎಲ್ಲರಿಗೂ ಅದು ಸೇರಿದ್ದು. ಸಾವಿನ ಗಂಟೆಗೂ ಪೂಜೆಯ ಗಂಟೆಗೂ ಇರುವ ವ್ಯತ್ಯಾಸ ಊರಿನ ಮಕ್ಕಳಿಗೂ ತಿಳಿದಿರುತ್ತದೆ. ಕಂಪ್ಯೂಟರುಗಳು ಈ ಕೆಲಸವನ್ನು ಕಲಿಯಲು ಬಹಳ ಕಾಲ ಹಿಡಿಯಿತು, ನಡುವೆ ಒಮ್ಮೆ ಕಲಿತದ್ದನ್ನು ಕೆಡಿಸಿಕೊಂಡದ್ದೂ ಆಯಿತು.

ಮೊದಲು ಒಂದು ದೊಡ್ಡ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದರು. ಯಂತ್ರ ನಿಲ್ಲಿಸಬೇಕಾದರೆ ಎಲ್ಲರಿಗೂ ಮುಂಚೆಯೇ ಹೇಳಬೇಕು, ಇಲ್ಲದಿದ್ದರೆ ಅವರ ಕೆಲಸ ಹಾಳು. 1971ರ ಯುನಿಕ್ಸ್‌ನಲ್ಲೇ 'ರೈಟ್' ಎಂಬ ಆಜ್ಞೆ ಇತ್ತು: ಇನ್ನೊಬ್ಬರ ಪರದೆಯ ಮೇಲೆ ನೇರವಾಗಿ ಒಂದು ಸಾಲು ಬರೆಯಬಹುದು. ಆಮೇಲೆ 'ವಾಲ್' ಬಂತು, ಎಲ್ಲರಿಗೂ ಬರೆ ಎಂದು ಅದರ ಅರ್ಥ. ಜೊತೆಗೆ, ನನಗೆ ಯಾರೂ ಬರೆಯಬೇಡಿ ಎಂದು ಬಾಗಿಲು ಮುಚ್ಚಿಕೊಳ್ಳುವ 'ಮೆಸ್‌ಜಿ' ಆಜ್ಞೆಯೂ ಇತ್ತು. ಆ ಕಾಲದವರ ಈ ಸೂಕ್ಷ್ಮ ನನಗೆ ಬಹಳ ಹಿಡಿಸುತ್ತದೆ.

ವಿಂಡೋಸ್ ಎನ್‌ಟಿ ಬಂದಾಗ ಇದೇ ಕೆಲಸಕ್ಕೆ 'ನೆಟ್ ಸೆಂಡ್' ಬಂತು. ಆಫೀಸಿನ ಒಂದು ಕಂಪ್ಯೂಟರಿನಿಂದ ಟೈಪ್ ಮಾಡಿದರೆ ಉಳಿದವುಗಳಲ್ಲಿ ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಸರ್ವರ್ ನಿಲ್ಲುತ್ತದೆ, ಕೆಲಸ ಉಳಿಸಿಕೊಳ್ಳಿ ಎಂದು ಹೇಳಲು ಒಳ್ಳೆಯ ಸಾಧನ. ಆದರೆ ಮನೆಮನೆಯ ಕಂಪ್ಯೂಟರುಗಳು ಇಂಟರ್‌ನೆಟ್‌ಗೆ ಸೇರಿದ ಮೇಲೆ ಜಾಹೀರಾತಿನವರು ಅದೇ ಕಿಟಕಿಯಿಂದ ನುಗ್ಗಿದರು. ಗುರುತಿಲ್ಲದವರ ಪೆಟ್ಟಿಗೆಗಳು ಹಗಲೂ ರಾತ್ರಿ ತೆರೆದುಕೊಂಡವು. ಕೊನೆಗೆ 2004ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಆ ಸೇವೆಯನ್ನೇ ಮುಚ್ಚಿಟ್ಟಿತು. ಮುಂದೆ ವಿಸ್ತಾದಲ್ಲಿ ಅದು ಇರಲೇ ಇಲ್ಲ.

ಹೀಗೆ ಜಗತ್ತು ಬೇಡದ ಎಚ್ಚರಿಕೆಗಳ ಬಾಗಿಲು ಮುಚ್ಚಿದ ವರ್ಷವೇ ಬೇಕಾದ ಎಚ್ಚರಿಕೆ ಬಾರದೆ ಹೋಯಿತು. 2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನ, ಭಾನುವಾರ. ಸುಮಾತ್ರದ ಬಳಿ ಭೂಮಿ ನಡುಗಿದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಗೆ. ಅಲೆ ತಮಿಳುನಾಡಿನ ಕರಾವಳಿಗೆ ಬರಲು ಎರಡು ಗಂಟೆಗಿಂತ ಹೆಚ್ಚು ಹೊತ್ತು ಇತ್ತು. ವೇಳಾಂಗಣ್ಣಿಯ ಕಡಲತೀರದಲ್ಲಿ ಯಾತ್ರಿಕರು ನಿಂತಿದ್ದರು. ಅವರಿಗೆ ಹೇಳುವವರು ಯಾರೂ ಇರಲಿಲ್ಲ. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ತೀರಿಹೋದರು.

ಅದೇ ಬೆಳಿಗ್ಗೆ ಪುದುಚೇರಿಯ ನಲ್ಲವಾಡು ಎಂಬ ಮೀನುಗಾರರ ಹಳ್ಳಿಯಲ್ಲಿ ನಡೆದದ್ದೇ ಬೇರೆ. ಅಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಗ್ರಾಮ ಜ್ಞಾನ ಕೇಂದ್ರವಿತ್ತು. ಇಂಥ ಕೇಂದ್ರಗಳು ಕಂಪ್ಯೂಟರಿನಲ್ಲಿ ಬಂದ ಅಲೆಗಳ ಎತ್ತರ, ಹವಾಮಾನದ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಊರಿಗೆ ಹೇಳುತ್ತಿದ್ದವು. ಸಿಂಗಾಪುರದಲ್ಲಿದ್ದ ಆ ಊರಿನ ಯುವಕನೊಬ್ಬ ಸುದ್ದಿ ನೋಡಿ ಮನೆಗೆ ಫೋನು ಮಾಡಿದ. ಊರವರು ಅದೇ ಧ್ವನಿವರ್ಧಕದಲ್ಲಿ ಓಡಿ ಎಂದು ಕೂಗಿದರು. ಸಾವಿರಾರು ಜನರ ಹಳ್ಳಿ ಉಳಿಯಿತು. ದಿನವೂ ಕೇಳಿ ನಂಬಿದ ಧ್ವನಿಯಾದ್ದರಿಂದಲೇ ಜನ ಓಡಿದರು ಎಂದು ನನ್ನ ಅನಿಸಿಕೆ. ಮುಂದೆ 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಆರಂಭವಾಯಿತು.

ಇನ್ನು ಎಸ್‌ಎಂಎಸ್. ಮೊದಲ ಎಸ್‌ಎಂಎಸ್ ಹೋದದ್ದೂ ಕಂಪ್ಯೂಟರಿನಿಂದಲೇ: 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ವೊಡಾಫೋನಿನ ರಿಚರ್ಡ್ ಜಾರ್ವಿಸ್‌ಗೆ ಕ್ರಿಸ್ಮಸ್ ಶುಭಾಶಯ ಕಳಿಸಿದರು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ, ಕನ್ನಡಕ್ಕಾದರೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಕೃಷ್ಣಗಿರಿ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ 9.

ಆದರೂ ಈ ಎಸ್‌ಎಂಎಸ್ ಜೀವ ಉಳಿಸಿದೆ. ವಾಲ್ಪಾರೈನ ಚಹಾ ತೋಟಗಳಲ್ಲಿ ಆನೆಗೆ ಸಿಕ್ಕಿ ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರವಿದೆ ಎಂಬುದೇ ಗೊತ್ತಿರಲಿಲ್ಲ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 2011ರಿಂದ ಆನೆ ಎಲ್ಲಿದೆ ಎಂದು ತಮಿಳು, ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಕಳಿಸತೊಡಗಿದರು, ಫೋನಿನಿಂದಲೇ ಹೊತ್ತಿಸುವ ಕೆಂಪು ದೀಪಗಳನ್ನೂ ನಿಲ್ಲಿಸಿದರು. 2017ರಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ಜೊತೆ ಇದು ಹಾಸನ ಜಿಲ್ಲೆಗೂ ಬಂತು: ಎಸ್‌ಎಂಎಸ್, ಧ್ವನಿ ಕರೆ, ರಸ್ತೆಬದಿಯ ಫಲಕ. ರಾಗಿ ಕಟಾವಿನ ಕಾಲಕ್ಕೆ ಬನ್ನೇರುಘಟ್ಟದಿಂದ ಜವಳಗಿರಿ, ಡೆಂಕಣಿಕೋಟೆ, ಸಾನಮಾವು ಕಾಡಿಗೆ ಆನೆ ಹಿಂಡು ಇಳಿಯುವುದನ್ನು ಕಂಡ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಎಸ್‌ಎಂಎಸ್ ಒಬ್ಬೊಬ್ಬರಿಗೆ ಕಾಗದ ಹಂಚಿದ ಹಾಗೆ. ಲಕ್ಷ ಜನಕ್ಕೆ ಹಂಚಲು ಹೊತ್ತು ಬೇಕು, ಸಾಲು ಉದ್ದವಾದರೆ ತಡವಾಗುತ್ತದೆ. ಅಕ್ಟೋಬರಿನಲ್ಲಿ ಕೂಗಿದ್ದು ಸೆಲ್ ಬ್ರಾಡ್‌ಕಾಸ್ಟ್. ಟವರು ಒಮ್ಮೆ ಸಾರುತ್ತದೆ, ಸುತ್ತಲಿನ ಫೋನುಗಳೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ. ನಂಬರುಗಳ ಪಟ್ಟಿಯೂ ಬೇಡ.

ನಮ್ಮ ಕಡೆ ಇದು ನದಿಗೆ ಬೇಕು. ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದಲ್ಲಿ. ಬೆಂಗಳೂರಿನ ಪೂರ್ವಕ್ಕೆ ಮಳೆ ಸುರಿದರೆ ಕೆಲವರಪಳ್ಳಿ ಅಣೆಕಟ್ಟು ತುಂಬುತ್ತದೆ, ಅಲ್ಲಿಂದ ಬಿಟ್ಟ ನೀರು ಕೃಷ್ಣಗಿರಿ ಅಣೆಕಟ್ಟಿಗೆ. 2017ರ ನವೆಂಬರಿನಲ್ಲಿ ಆ ಅಣೆಕಟ್ಟಿನ ಬಾಗಿಲೊಂದು ಮುರಿದಾಗ ಕೆಳಗಿನ ಜಿಲ್ಲೆಗಳಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆ ಊತಂಗರೈಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಸುರಿದು, ನಿಲ್ಲಿಸಿದ್ದ ವಾಹನಗಳು ನೀರಿನಲ್ಲಿ ಕೊಚ್ಚಿಹೋದದ್ದನ್ನು ನೀವೂ ವಿಡಿಯೋದಲ್ಲಿ ನೋಡಿರುತ್ತೀರಿ.

ಭಾಷೆಯ ಮಾತು ಇನ್ನೂ ಬಾಕಿ ಇದೆ. ಗಡಿಯ ಈಚೆ ತಳಿ, ಬಾಗಲೂರು ಕಡೆ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ತಮಿಳು ಕೇಳಿದರೆ ತಿಳಿದರೂ ಓದಲು ಬಾರದ ಹಿರಿಯರು ಇದ್ದಾರೆ. ಅವರ ಕೈಯಲ್ಲಿರುವುದು ಬಟನ್ ಫೋನು. ಅದು ಕಿರುಚಿದಾಗ ಪರದೆ ನೋಡಿ, ಅಜ್ಜಿಯ ಮಾತಿನಲ್ಲಿ ಅದನ್ನು ಹೇಳಬೇಕಾದವರು ಸದ್ಯಕ್ಕೆ ಪಕ್ಕದ ಮನೆಯ ನೀವೇ.