ನೇತ್ರಾಣಿ ಡೈವಿಂಗ್: ಮೊದಲು ಘಟ್ಟ, ಆಮೇಲೆ ಕರಾವಳಿ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ಮಧ್ಯೆ ಇರುವ ನಡುಗಡ್ಡೆ ನೇತ್ರಾಣಿ. ಪಾರಿವಾಳ ದ್ವೀಪ ಎಂಬ ಹೆಸರೂ ಇದಕ್ಕಿದೆ. ದ್ವೀಪದ ಸುತ್ತಲಿನ ಹವಳದ ಬಂಡೆಗಳು ಮತ್ತು ಬಣ್ಣಬಣ್ಣದ ಮೀನುಗಳನ್ನು ನೋಡಲು ಪ್ರವಾಸಿಗರು ಆಮ್ಲಜನಕದ ಸಿಲಿಂಡರ್ ಎಂದು ಜನ ಕರೆಯುವ, ನಿಜವಾಗಿ ಒತ್ತಿ ತುಂಬಿದ ಸಾಮಾನ್ಯ ಗಾಳಿಯೇ ಇರುವ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಇದೇ ಸ್ಕೂಬಾ ಡೈವಿಂಗ್. ಮಳೆಗಾಲದಲ್ಲಿ ಕಡಲು ಕುದಿಯುವುದರಿಂದ ಡೈವಿಂಗ್ ಇರುವುದಿಲ್ಲ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ.

ಡೈವಿಂಗ್ ಎಂದರೆ ಅರ್ಧ ದಿನದ ಕೆಲಸ. ಮುರುಡೇಶ್ವರದವರೆಗೆ ಹೋದವರು ಅದರ ಜೊತೆಗೆ ಜೋಗ, ಕೊಲ್ಲೂರು, ಗೋಕರ್ಣ ಎಂದು ಎರಡು ಮೂರು ದಿನದ ಪ್ರವಾಸವನ್ನೇ ಹಾಕಿಕೊಳ್ಳುತ್ತಾರೆ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಯಮವಿದೆ. ಯಾವ ಸ್ಥಳವನ್ನು ಡೈವಿಂಗಿಗೆ ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬುದು ಬರೀ ಅನುಕೂಲದ ಮಾತಲ್ಲ, ಆರೋಗ್ಯದ ಮಾತು. ಎತ್ತರದ ಸ್ಥಳಗಳು ಮೊದಲು, ಕಡಲತೀರದ ಸ್ಥಳಗಳು ಆಮೇಲೆ. ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ ಕಡೆಯವರಿಗೆ ತಮ್ಮ ಮನೆಯೇ ಎತ್ತರದಲ್ಲಿರುವುದರಿಂದ ಊರಿಗೆ ಮರಳುವ ಸಮಯವನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಎತ್ತರಕ್ಕೂ ಡೈವಿಂಗಿಗೂ ಏನು ಸಂಬಂಧ?

ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಮೈಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಒತ್ತಡ ಹೆಚ್ಚಾದಾಗ ಈ ಸಾರಜನಕ ಮಾಮೂಲಿಗಿಂತ ಹೆಚ್ಚಾಗಿ ರಕ್ತ ಮತ್ತು ಮಾಂಸಖಂಡಗಳಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಉಸಿರಿನ ಮೂಲಕ ನಿಧಾನವಾಗಿ ಹೊರಹೋಗಬೇಕು. ಇದಕ್ಕೆ ಹಲವು ಗಂಟೆಗಳು ಬೇಕು.

ಗೋಲಿ ಸೋಡಾ ನೆನಪಿಸಿಕೊಂಡರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಗೋಲಿ ಒತ್ತುವವರೆಗೆ ಬಾಟಲಿಯೊಳಗೆ ಗುಳ್ಳೆ ಕಾಣುವುದಿಲ್ಲ. ಒತ್ತಿದ ಕೂಡಲೇ ಒತ್ತಡ ಇಳಿದು ಬುಸ್ಸೆಂದು ಗುಳ್ಳೆ ಏಳುತ್ತದೆ. ಡೈವಿಂಗ್ ಮುಗಿಸಿದವರು ಕೂಡಲೇ ಘಟ್ಟ ಹತ್ತಿದರೆ ಅಥವಾ ವಿಮಾನ ಏರಿದರೆ ಸುತ್ತಲಿನ ಗಾಳಿಯ ಒತ್ತಡ ಇನ್ನಷ್ಟು ಇಳಿಯುತ್ತದೆ. ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಿ ಸಂದುಗಳಲ್ಲಿ, ನರಗಳಲ್ಲಿ, ರಕ್ತನಾಳಗಳಲ್ಲಿ ತೊಂದರೆ ಕೊಡಬಹುದು. ಇದನ್ನು ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ. ಡೈವಿಂಗ್ ಮಾಡುವವರ ಮಾತಿನಲ್ಲಿ ಇದು ‘ಬೆಂಡ್ಸ್’.

ಎಷ್ಟು ಹೊತ್ತು ಕಾಯಬೇಕು?

ಡೈವಿಂಗ್ ಸುರಕ್ಷತೆಗಾಗಿ ಕೆಲಸ ಮಾಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರಲ್ಲಿ ತಜ್ಞರ ಸಭೆ ನಡೆಸಿ ಸೂಚನೆಗಳನ್ನು ರೂಪಿಸಿತು. ಅವು ಮುಖ್ಯವಾಗಿ ವಿಮಾನ ಪ್ರಯಾಣಕ್ಕೆಂದು ಬರೆದವು. ಆದರೆ 2000 ಅಡಿಗಿಂತ (ಸುಮಾರು 600 ಮೀಟರ್) ಮೇಲಿನ ಬೆಟ್ಟದ ದಾರಿಗೂ ಅದೇ ಲೆಕ್ಕವನ್ನು ಅನ್ವಯಿಸುತ್ತಾರೆ.

* ಒಂದೇ ಸಲ ನೀರಿಗಿಳಿದವರು: ಕನಿಷ್ಠ 12 ಗಂಟೆ
* ಒಂದೇ ದಿನ ಎರಡು ಮೂರು ಸಲ, ಅಥವಾ ಹಲವು ದಿನ ಇಳಿದವರು: ಕನಿಷ್ಠ 18 ಗಂಟೆ
* ಮೇಲೆ ಬರುವಾಗ ಮಧ್ಯೆ ಕಡ್ಡಾಯವಾಗಿ ನಿಲ್ಲಬೇಕಾದಷ್ಟು ಆಳದ, ದೀರ್ಘ ಡೈವಿಂಗ್ ಮಾಡಿದವರು: 18 ಗಂಟೆಗಿಂತ ಸಾಕಷ್ಟು ಹೆಚ್ಚು

ಅನೇಕ ತರಬೇತುದಾರರು ಎಲ್ಲರಿಗೂ 24 ಗಂಟೆ ಎಂದೇ ಹೇಳುತ್ತಾರೆ. ನೆನಪಿಡಲು ಅದೇ ಸುಲಭ. ಮೊದಲ ಸಲ ತರಬೇತುದಾರರ ಕೈ ಹಿಡಿದು ಕಡಿಮೆ ಆಳದಲ್ಲಿ ಅರ್ಧ ಗಂಟೆಯೊಳಗೆ ನೋಡಿ ಬಂದವರಿಗೆ ಅಪಾಯ ಬಹಳ ಕಡಿಮೆ. ಹಾಗೆಂದು 12 ಗಂಟೆಯ ನಿಯಮವನ್ನು ಬಿಡುವಂತಿಲ್ಲ. ಕಾಯುವುದರಿಂದ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ ಎಂಬುದೂ ಗೊತ್ತಿರಬೇಕು.

ಗಂಟೆಯ ಲೆಕ್ಕ ಶುರುವಾಗುವುದು ನೀರಿನಿಂದ ಮೇಲೆ ಬಂದ ಹೊತ್ತಿನಿಂದ. ಮುಗಿಯುವುದು ಬಸ್ಸು ಹೊರಡುವ ಹೊತ್ತಿಗಲ್ಲ, ಬಸ್ಸು ಎತ್ತರ ಹತ್ತುವ ಹೊತ್ತಿಗೆ. ಮಧ್ಯಾಹ್ನ 12ಕ್ಕೆ ನೀರಿನಿಂದ ಮೇಲೆ ಬಂದು, ರಾತ್ರಿ 8ರ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟವರು 10 ಗಂಟೆಯ ಹೊತ್ತಿಗೆ ಘಟ್ಟದಲ್ಲಿರುತ್ತಾರೆ. ಆಗ ಕಳೆದದ್ದು ಬರೀ 10 ಗಂಟೆ. ಮಂಗಳೂರಿನ ಮೇಲೆ ಹೋಗುವ ಬೆಂಗಳೂರು ರೈಲೂ ಸಕಲೇಶಪುರದ ಘಟ್ಟ ಹತ್ತಲೇಬೇಕು.

ಯಾವ ಊರಿನವರು ಏನು ಗಮನಿಸಬೇಕು?

ಕಾಸರಗೋಡು, ಮಂಜೇಶ್ವರ ಮತ್ತು ಗೋವಾ ಕರಾವಳಿಯವರಿಗೆ ಈ ಚಿಂತೆ ಇಲ್ಲ. ಕೊಂಕಣ ರೈಲ್ವೆಯಲ್ಲಿ ಮುರುಡೇಶ್ವರ ನಿಲ್ದಾಣವಿದೆ. ದಾರಿಯುದ್ದಕ್ಕೂ ಕರಾವಳಿಯೇ ಆದ್ದರಿಂದ ಅದೇ ದಿನ ಊರು ಸೇರಬಹುದು. ಆದರೆ ಗೋವಾದಲ್ಲಿ ಡೈವಿಂಗ್ ಮಾಡಿ ಚೋರ್ಲಾ ಘಟ್ಟದ ಮೂಲಕ ಬೆಳಗಾವಿಗೆ ಹೋಗುವವರು ಎಚ್ಚರ ವಹಿಸಬೇಕು. ಬೆಳಗಾವಿಯೇ ಸುಮಾರು 2500 ಅಡಿ ಎತ್ತರದಲ್ಲಿದೆ.

ವಯನಾಡಿನವರು ಕಣ್ಣೂರು, ತಲಶ್ಶೇರಿವರೆಗೆ ಕರಾವಳಿಯಲ್ಲೇ ಬಂದು ಆಮೇಲೆ ಘಟ್ಟ ಹತ್ತುತ್ತಾರೆ. ಮಧ್ಯಾಹ್ನ ಡೈವಿಂಗ್ ಮುಗಿಸಿ, ರಾತ್ರಿ ಕರಾವಳಿಯ ಯಾವುದಾದರೂ ಊರಿನಲ್ಲಿ ಉಳಿದು, ಬೆಳಿಗ್ಗೆ 6ರ ನಂತರ ಘಟ್ಟ ಹತ್ತಿದರೆ 18 ಗಂಟೆ ತುಂಬುತ್ತದೆ. ಊಟಿ 2240 ಮೀಟರ್ ಎತ್ತರದಲ್ಲಿದೆ. ನೀಲಗಿರಿಯ ಕಡೆಯವರು ಪೂರ್ತಿ 24 ಗಂಟೆ ಬಿಡುವುದು ಒಳ್ಳೆಯದು. ಹೊಸೂರು, ತಾಳವಾಡಿ, ಮಡಕಶಿರಾ ಕೂಡ 2000 ಅಡಿಗಿಂತ ಮೇಲಿವೆ.

ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ ಕಡೆಯವರು ತಮ್ಮ ಊರು ಬಯಲುಸೀಮೆ, ಎತ್ತರವಲ್ಲ ಎಂದುಕೊಳ್ಳಬಹುದು. ಊರು ಎತ್ತರವಲ್ಲ ನಿಜ, ಆದರೆ ದಾರಿ ಹುಬ್ಬಳ್ಳಿಯ ಮೇಲೆ ಹೋದರೆ ಅದು 2000 ಅಡಿ ದಾಟುತ್ತದೆ. ಅವರಿಗೂ ಇದೇ ಲೆಕ್ಕ.

ಡೈವಿಂಗಿಗೆ ಮೊದಲು: ಘಟ್ಟದ ಮೇಲಿನ ಸ್ಥಳಗಳು

ಎತ್ತರದಿಂದ ಕಡಲಿಗೆ ಇಳಿದು ಬರುವುದರಿಂದ ಈ ತೊಂದರೆ ಇಲ್ಲ. ಹಾಗಾಗಿ ಬರುವ ದಾರಿಯಲ್ಲೇ ಘಟ್ಟದ ಸ್ಥಳಗಳನ್ನು ನೋಡಿ ಮುಗಿಸಬೇಕು.

ಜೋಗ ಜಲಪಾತ: ಮುರುಡೇಶ್ವರದಿಂದ ಸುಮಾರು 90 ಕಿ.ಮೀ. ಶರಾವತಿ ಇಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ 253 ಮೀಟರ್ ಧುಮುಕುತ್ತಾಳೆ. ಪಕ್ಕದ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಎಂದರೆ ಜೋಗದ ಸುತ್ತಲಿನ ಪ್ರದೇಶ 2000 ಅಡಿಯ ಗೆರೆಯ ಹತ್ತಿರದಲ್ಲೇ ಇದೆ. ಡೈವಿಂಗ್ ಆದ ದಿನ ಸಂಜೆ ಜೋಗಕ್ಕೆ ಹೋಗಿ ಬರುವ ಯೋಚನೆ ಬೇಡ.

ಕೊಡಚಾದ್ರಿ: 1343 ಮೀಟರ್ ಎತ್ತರ. ಇದನ್ನು ಖಂಡಿತ ಮೊದಲೇ ಮುಗಿಸಬೇಕು. ಹತ್ತಿಳಿದ ದಣಿವು ಆರಲು ಡೈವಿಂಗಿಗೆ ಮೊದಲು ಒಂದು ರಾತ್ರಿ ಚೆನ್ನಾಗಿ ನಿದ್ದೆಯಾಗಬೇಕು.

ಆಗುಂಬೆ: ಸೂರ್ಯಾಸ್ತಕ್ಕೆ ಹೆಸರಾದ ಆಗುಂಬೆಯೂ 2000 ಅಡಿಗಿಂತ ಮೇಲಿದೆ. ಶೃಂಗೇರಿ, ತೀರ್ಥಹಳ್ಳಿ ಕಡೆಯಿಂದ ಕರಾವಳಿಗೆ ಇಳಿಯುವವರಿಗೆ ಇದು ದಾರಿಯಲ್ಲೇ ಸಿಗುತ್ತದೆ.

ಡೈವಿಂಗಿನ ಹಿಂದಿನ ರಾತ್ರಿ ಮದ್ಯಪಾನ ಬೇಡ. ನೆಗಡಿ, ಕಿವಿನೋವು ಇದ್ದರೆ ಕಿವಿಯೊಳಗಿನ ಒತ್ತಡ ಸರಿಹೊಂದುವುದಿಲ್ಲ, ಆದ್ದರಿಂದ ನೀರಿಗಿಳಿಯಬಾರದು. ಆಸ್ತಮಾ, ಹೃದ್ರೋಗ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಆದವರು ಮನೆಯಿಂದ ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಡೈವಿಂಗ್ ಮಾಡಬಾರದು. ಅರ್ಜಿಯಲ್ಲಿ ಕೇಳುವ ಆರೋಗ್ಯದ ಪ್ರಶ್ನೆಗಳಿಗೆ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುವುದು ತನಗೆ ತಾನೇ ಮಾಡಿಕೊಳ್ಳುವ ಮೋಸ.

ಡೈವಿಂಗ್ ಆದ ಮೇಲೆ: ಕರಾವಳಿಯ ಸ್ಥಳಗಳು

ಕಾಯಬೇಕಾದ ಗಂಟೆಗಳನ್ನು ಕೋಣೆಯಲ್ಲಿ ಕುಳಿತು ಕಳೆಯಬೇಕಿಲ್ಲ. ಕಡಲಿಗೆ ಅಂಟಿಕೊಂಡೇ ನೋಡುವಂಥ ಸ್ಥಳಗಳು ಬೇಕಾದಷ್ಟಿವೆ.

ಮುರುಡೇಶ್ವರ: ಮೂರು ಕಡೆ ಸಮುದ್ರ ಸುತ್ತುವರಿದ ಕಂದುಕ ಗಿರಿಯ ಮೇಲೆ ದೇವಸ್ಥಾನವಿದೆ. 123 ಅಡಿಯ ಶಿವನ ಮೂರ್ತಿ, 237 ಅಡಿಯ ರಾಜಗೋಪುರ ದೂರದಿಂದಲೇ ಕಾಣುತ್ತವೆ. ಗೋಪುರದಲ್ಲಿ ಲಿಫ್ಟ್ ಇದೆ. 237 ಅಡಿ ಎತ್ತರ ಈ ಲೆಕ್ಕದಲ್ಲಿ ಏನೂ ಅಲ್ಲ, ಧೈರ್ಯವಾಗಿ ಹತ್ತಬಹುದು.

ಭಟ್ಕಳ: ಸುಮಾರು 15 ಕಿ.ಮೀ. 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ, ಹಳೆಯ ಜೈನ ಬಸದಿ ನೋಡಬೇಕಾದವು. ನವಾಯತರ ಅಡುಗೆಗೂ ಭಟ್ಕಳ ಹೆಸರುವಾಸಿ.

ಇಡಗುಂಜಿ, ಗುಣವಂತೆ: ಎರಡೂ ಹೊನ್ನಾವರ ತಾಲೂಕಿನಲ್ಲಿವೆ. ಇಡಗುಂಜಿಯಲ್ಲಿ ಎರಡು ಕೈಗಳ ನಿಂತ ಗಣಪತಿ. ಗುಣವಂತೆಯು ಕೆರೆಮನೆ ಯಕ್ಷಗಾನದ ನೆಲೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಲ್ಲಿಯದೇ. ಡೈವಿಂಗಿನ ಕಾಲವೂ ಬಯಲಾಟದ ಕಾಲವೂ ಹೆಚ್ಚುಕಡಿಮೆ ಒಂದೇ. ರಾತ್ರಿಯಿಡೀ ಆಟ ನೋಡುವ ಆಸೆ ಇದ್ದವರು ಡೈವಿಂಗ್ ಮುಗಿದ ದಿನ ನೋಡಬೇಕು, ಹಿಂದಿನ ದಿನ ಅಲ್ಲ.

ಹೊನ್ನಾವರ: ಶರಾವತಿ ಕಡಲು ಸೇರುವಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ಕಾಲುದಾರಿ ಇದೆ. ಹತ್ತಿರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲಾಗ್’ ಮನ್ನಣೆ ಸಿಕ್ಕಿತು. ಹೆಸರು ಕೇಳಿ ಇದನ್ನು ಕೇರಳದ ಕಾಸರಗೋಡು ಎಂದುಕೊಳ್ಳಬಾರದು!

ಮಿರ್ಜಾನ ಕೋಟೆ, ಗೋಕರ್ಣ: ಕುಮಟಾ ತಾಲೂಕಿನ ಮಿರ್ಜಾನ ಕೋಟೆ ಕಾಳುಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆನಪಿನ ತಾಣ. ಅಲ್ಲಿಂದ ಗೋಕರ್ಣ ಹತ್ತಿರ. ರಾವಣನ ಆತ್ಮಲಿಂಗದ ಕತೆಯಲ್ಲಿ ಬರುವ ಐದು ಕ್ಷೇತ್ರಗಳಲ್ಲಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ನಾಲ್ಕೂ ಇದೇ ದಾರಿಯಲ್ಲಿವೆ.

ಕೊಲ್ಲೂರು: ಸುಮಾರು 60 ಕಿ.ಮೀ. ಮೂಕಾಂಬಿಕೆಯ ದೇವಸ್ಥಾನ ಘಟ್ಟದ ಬುಡದಲ್ಲಿದೆ. ದರ್ಶನಕ್ಕೆ ಅಡ್ಡಿ ಇಲ್ಲ. ಆದರೆ ಅಲ್ಲಿಂದ ಜೀಪು ಹತ್ತಿ ಕೊಡಚಾದ್ರಿಗೆ ಹೋಗಬಾರದು.

ಅಂದು ಬೇಡವಾದ ಕೆಲಸಗಳು

ಡೈವಿಂಗ್ ಆದ ದಿನ ಓಟ, ಭಾರ ಹೊರುವುದು, ಗುಡ್ಡ ಹತ್ತುವುದು, ಬಿಸಿ ಬಿಸಿ ನೀರಿನ ದೀರ್ಘ ಸ್ನಾನ, ಮೈ ತಿಕ್ಕಿಸಿಕೊಳ್ಳುವುದು, ಮದ್ಯಪಾನ ಇವನ್ನು ಬಿಡಬೇಕು. ನೀರು ಚೆನ್ನಾಗಿ ಕುಡಿಯಬೇಕು. ಎಳನೀರು, ಗಂಜಿ, ಮುರುಗಲ ಹಣ್ಣಿನ ಪಾನಕ (ಕಾಸರಗೋಡಿನವರ ಪುನರ್ಪುಳಿ ಶರಬತ್ತು) ಎಲ್ಲ ಒಳ್ಳೆಯವೇ.

ಇನ್ನೊಂದು ಮುಖ್ಯ ಮಾತು. ಡೈವಿಂಗ್ ಮಾಡಿ ಬಂದ ಉತ್ಸಾಹದಲ್ಲಿ ದಡದ ಅಲೆಗಳಿಗೆ ಇಳಿಯಬಾರದು. ನಡುಗಡ್ಡೆಯ ಬಳಿ ತರಬೇತುದಾರರು ಜೊತೆಗಿರುತ್ತಾರೆ, ದಡದಲ್ಲಿ ಯಾರೂ ಇರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಮೃತಪಟ್ಟರು. ಕಾವಲು ಸಿಬ್ಬಂದಿ ಬೇಡ ಎಂದ ಕಡೆ ಕಾಲಿಡಬಾರದು.

ಮೈಯಲ್ಲಿ ಬದಲಾವಣೆ ಕಂಡರೆ

ಮೊಣಕಾಲು, ಮೊಣಕೈ, ಭುಜದ ಸಂದುಗಳಲ್ಲಿ ನೋವು, ಚರ್ಮದ ಮೇಲೆ ತುರಿಕೆ ಅಥವಾ ಕಲೆ, ಕೈಕಾಲು ಜೋಮು, ಬಲ ಕುಂದುವುದು, ತಲೆಸುತ್ತು, ಉಸಿರಾಟದ ತೊಂದರೆ, ಮೂತ್ರ ಕಟ್ಟುವುದು ಇವು ಡಿಕಂಪ್ರೆಷನ್ ಕಾಯಿಲೆಯ ಲಕ್ಷಣಗಳು. ಹೆಚ್ಚಾಗಿ ಕೆಲವೇ ಗಂಟೆಗಳಲ್ಲಿ, ಕೆಲವೊಮ್ಮೆ ಒಂದು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಆ ಹೊತ್ತಿಗೆ ಪ್ರವಾಸಿ ತನ್ನ ಊರಿನಲ್ಲಿರಬಹುದು. ಊರಿನ ವೈದ್ಯರಿಗೆ ಡೈವಿಂಗ್ ವಿಷಯ ತಾನಾಗಿ ಹೊಳೆಯುವುದಿಲ್ಲ. ಮಲಯಾಳ, ತಮಿಳು, ಮರಾಠಿ, ತೆಲುಗು ಯಾವ ಭಾಷೆಯ ವೈದ್ಯರೇ ಆಗಲಿ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಆಳಕ್ಕೆ, ಎಷ್ಟು ಸಲ ಇಳಿದದ್ದು ಎಂಬುದನ್ನು ಮೊದಲ ಮಾತಾಗಿ ಹೇಳಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ನೋವಿನ ಮಾತ್ರೆ ನುಂಗಿ ಮಲಗಬಾರದು. ರೋಗಿಯನ್ನು ಮಲಗಿಸಿ, 108ಕ್ಕೆ ಕರೆ ಮಾಡಿ, ಶುದ್ಧ ಆಮ್ಲಜನಕ ಕೊಡಿಸಬೇಕು. ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡುವುದೇ ಮುಖ್ಯ ಚಿಕಿತ್ಸೆ. ಗುಣವಾಗಲೆಂದು ಮತ್ತೆ ನೀರಿಗಿಳಿಯುವುದು ಅಪಾಯಕಾರಿ.

ಮೂರು ದಿನದ ಲೆಕ್ಕ

ಮೊದಲ ದಿನ ಜೋಗ ಅಥವಾ ಆಗುಂಬೆ ನೋಡಿ ಘಟ್ಟ ಇಳಿದು ಮುರುಡೇಶ್ವರದಲ್ಲಿ ವಾಸ್ತವ್ಯ. ಎರಡನೇ ದಿನ ಬೆಳಿಗ್ಗೆ ನೇತ್ರಾಣಿ, ಮಧ್ಯಾಹ್ನ ವಿಶ್ರಾಂತಿ, ಸಂಜೆ ದೇವಸ್ಥಾನ. ಮೂರನೇ ದಿನ ಭಟ್ಕಳ ಅಥವಾ ಹೊನ್ನಾವರ ಕಡೆ ಸುತ್ತಾಡಿ ಸಂಜೆ ಊರಿನ ದಾರಿ. ಹೀಗೆ ಮಾಡಿದರೆ ಬಸ್ಸು ಘಟ್ಟ ಹತ್ತುವ ಹೊತ್ತಿಗೆ 24 ಗಂಟೆ ದಾಟಿರುತ್ತದೆ. ರಜೆ ಎರಡೇ ದಿನ ಇದ್ದರೆ ಜೋಗವನ್ನು ಬಿಡಬಹುದು, ಕಾಯುವ ಗಂಟೆಗಳನ್ನು ಬಿಡುವಂತಿಲ್ಲ.