ಮರಳು ಹೇಳಿದ ಸಾಕ್ಷಿ

ಪಂಜಾಬಿನ ಗಡಿಯಲ್ಲಿ ಬಿಎಸ್‌ಎಫ್ ಹೊಡೆದುರುಳಿಸಿದ ಡ್ರೋನ್‌ಗಳ ಸುದ್ದಿ ಓದಿದಾಗಲೆಲ್ಲ ನನಗೆ ಒಂದೇ ಕುತೂಹಲ: ಹಾರಿಸಿದವರು ಯಾರೆಂದು ಹೇಗೆ ಗೊತ್ತಾಗುತ್ತದೆ? ಒಳಗೆ ಪೈಲಟ್ ಇಲ್ಲ, ಹಿಡಿದು ವಿಚಾರಿಸಲು ಯಾರೂ ಇಲ್ಲ. ಆದರೂ ತನಿಖೆ ಮಾಡುವವರು ಯಂತ್ರವನ್ನು ಮಾತಾಡಿಸುತ್ತಾರೆ. ಮೆಮೊರಿ ಚಿಪ್‌ನಲ್ಲಿ ಹಿಂದಿನ ಹಾರಾಟಗಳ ದಾರಿ ಉಳಿದಿರುತ್ತದೆ. ಬಿಡಿಭಾಗಗಳ ಮೇಲಿನ ಸೀರಿಯಲ್ ನಂಬರು ಕಾರ್ಖಾನೆಯ ಹೆಸರು ಹೇಳುತ್ತದೆ. ನಂಬರನ್ನು ಉಜ್ಜಿ ಅಳಿಸಿದ್ದರೆ ಬೆಸುಗೆ ಹಾಕಿದ ರೀತಿಯೇ ಗುರುತಾಗುತ್ತದೆ.

ಇದೆಲ್ಲ ನಮ್ಮ ಕಾಲದ ವಿದ್ಯೆ ಎಂದುಕೊಂಡಿದ್ದೆ. ಆದರೆ ಎಂಬತ್ತು ವರ್ಷಗಳ ಹಿಂದೆ, ಮೆಮೊರಿ ಚಿಪ್ಪೇ ಇಲ್ಲದ ಕಾಲದಲ್ಲಿ, ಇದೇ ಪ್ರಶ್ನೆಗೆ ಹಿಡಿ ಮರಳಿನಿಂದ ಉತ್ತರ ಹುಡುಕಿದ್ದರು.

1944ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊ ಬಳಿ ಸಮುದ್ರದಲ್ಲಿ ಒಂದು ದೊಡ್ಡ ಬಲೂನಿನ ಅವಶೇಷ ಅಮೆರಿಕದ ನೌಕಾಪಡೆಗೆ ಸಿಕ್ಕಿತು. ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ಬಲೂನುಗಳು ಬಂದಿಳಿದವು. ಹೆಚ್ಚಿನವು ಕಾಗದದವು, ಹತ್ತು ಮೀಟರ್ ಅಗಲದವು, ಕೆಳಗೆ ಬಾಂಬುಗಳನ್ನು ತೂಗಿಸಿಕೊಂಡವು. ಜಪಾನಿನವು ಎಂಬುದು ಬೇಗ ತಿಳಿಯಿತು. ಆದರೆ ಹಾರಿದ್ದು ಎಲ್ಲಿಂದ? ಪೆಸಿಫಿಕ್ ಸಾಗರವನ್ನೇ ಕಾಗದದ ಬಲೂನು ದಾಟೀತು ಎಂದು ನಂಬುವುದು ಕಷ್ಟವಿತ್ತು. ಜಲಾಂತರ್ಗಾಮಿಯಲ್ಲಿ ಬಂದವರು ಅಮೆರಿಕದ ಕಡಲತೀರದಿಂದಲೇ ಹಾರಿಸುತ್ತಿದ್ದಾರೆ ಎಂದರು ಕೆಲವರು. ಇನ್ನು ಕೆಲವರ ಅನುಮಾನ ನಿರಾಶ್ರಿತರಂತೆ ಬದುಕುತ್ತಿದ್ದ ಬೇರೆ ಜನರ ಮೇಲೆ ಹೋಯಿತು. ಆಗ ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದ ಜನರನ್ನು, ಬಹುಪಾಲು ಅಮೆರಿಕದ ನಾಗರಿಕರನ್ನೇ, ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಬಲೂನು ಅಲ್ಲಿಂದಲೇ ಏಳುತ್ತಿರಬಹುದೇ?

ಬಲೂನಿನ ಜೊತೆ ಮರಳಿನ ಚೀಲಗಳಿದ್ದವು. ರಾತ್ರಿಯ ಚಳಿಗೆ ಬಲೂನು ಕೆಳಗಿಳಿದರೆ ಗಾಳಿಯ ಒತ್ತಡ ಅಳೆಯುವ ಸಾಧನ ತಾನಾಗಿ ಒಂದೆರಡು ಚೀಲ ಉದುರಿಸಿ ಅದನ್ನು ಮತ್ತೆ ಮೇಲೇರಿಸುತ್ತಿತ್ತು. ಉಳಿದುಬಂದ ಚೀಲಗಳ ಮರಳು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಮಿಲಿಟರಿ ಭೂವಿಜ್ಞಾನ ಘಟಕದ ಮೇಜಿಗೆ ಬಂತು.

ಮರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಡಯಾಟಮ್‌ಗಳು ಕಂಡವು. ಇವು ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳು. ಕೆಲವು ಬಹಳ ಹಿಂದಿನ ಪಳೆಯುಳಿಕೆಗಳು. ಫೊರಾಮಿನಿಫೆರಾ ಎಂಬ ಸಣ್ಣ ಕಡಲಜೀವಿಗಳ ಚಿಪ್ಪುಗಳಿದ್ದವು, ಮೃದ್ವಂಗಿಗಳ ಚೂರುಗಳಿದ್ದವು. ಜೂಲಿಯಾ ಗಾರ್ಡ್ನರ್ ಎಂಬ ಪಳೆಯುಳಿಕೆ ತಜ್ಞೆ ಚಿಪ್ಪುಗಳನ್ನು ನೋಡಿದರು, ಕ್ಲಾರೆನ್ಸ್ ರಾಸ್ ಖನಿಜಗಳನ್ನು ನೋಡಿದರು. ಇದ್ದದ್ದರಷ್ಟೇ ಇಲ್ಲದ್ದೂ ಮುಖ್ಯವಾಯಿತು. ಹವಳದ ಚೂರು ಇರಲಿಲ್ಲ, ಅಂದರೆ ಜಪಾನಿನ ಬೆಚ್ಚಗಿನ ದಕ್ಷಿಣ ತೀರವಲ್ಲ. ಗ್ರಾನೈಟಿನ ಗುರುತಿರಲಿಲ್ಲ, ಇನ್ನಷ್ಟು ತೀರಗಳು ಪಟ್ಟಿಯಿಂದ ಹೋದವು. ಇದು ಅಮೆರಿಕದ ಮರಳಂತೂ ಅಲ್ಲ. ಯುದ್ಧಕ್ಕೆ ಮೊದಲು ಜಪಾನಿನ ವಿಜ್ಞಾನಿಗಳೇ ತಮ್ಮ ತೀರಗಳ ಬಗ್ಗೆ ಪ್ರಕಟಿಸಿದ್ದ ಲೇಖನಗಳ ಜೊತೆ ಹೋಲಿಸಿ, ಕೊನೆಗೆ ಎರಡು ಜಾಗ ಹೇಳಿದರು: ಉತ್ತರದ ಶಿಯೋಗಾಮ, ಟೋಕಿಯೊ ಪೂರ್ವಕ್ಕಿರುವ ಇಚಿನೋಮಿಯ. ಬಲೂನು ಹಾರಿಸಿದ ಮೂರು ನೆಲೆಗಳಲ್ಲಿ ಇಚಿನೋಮಿಯ ನಿಜವಾಗಿಯೂ ಒಂದು. ಮೊದಲನೆಯದು ಮಾತ್ರ ತಪ್ಪಾಗಿತ್ತು.

ಶಿಬಿರದೊಳಗಿನ ಜನರ ಮೇಲಿನ ಅನುಮಾನಕ್ಕೆ ಮರಳು ಹೀಗೆ ಉತ್ತರ ಕೊಟ್ಟಿತು. ತನಿಖೆಯೆಂದರೆ ಅಪರಾಧಿಯನ್ನು ಹಿಡಿಯುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಮಾಡದವರನ್ನು ಬಿಡಿಸುವುದೂ ಅದರದೇ ಕೆಲಸ.

ಆದರೆ ಊರು ಗೊತ್ತಾದರೆ ಕೈ ಗೊತ್ತಾದಂತೆಯೇ? ಜಪಾನು ಹಾರಿಸಿದ್ದು 9,000ಕ್ಕೂ ಹೆಚ್ಚು ಬಲೂನುಗಳನ್ನು. ಅವುಗಳ ಕಾಗದವನ್ನು ಅಂಟಿಸಿದವರಲ್ಲಿ ಬಹಳಷ್ಟು ಮಂದಿ ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ ಹುಡುಗಿಯರು. ಅಂಟು ನಮ್ಮ ಸುವರ್ಣಗೆಡ್ಡೆಯ ಕುಲದ್ದೇ ಆದ ಕೊನ್ಯಾಕು ಗೆಡ್ಡೆಯದು. ಹಸಿವು ತಾಳದೆ ಆ ಅಂಟನ್ನೇ ಕದ್ದು ತಿಂದವರಿದ್ದರು.

1945ರ ಮೇ 5ರಂದು, ಆರೆಗಾನ್ ರಾಜ್ಯದ ಬ್ಲೈ ಎಂಬ ಊರಿನ ಬಳಿ, ಒಬ್ಬ ಪಾದ್ರಿಯ ಗರ್ಭಿಣಿ ಹೆಂಡತಿ ಮತ್ತು ಐದು ಮಕ್ಕಳು ಕಾಡಿಗೆ ವಿಹಾರಕ್ಕೆ ಹೋಗಿದ್ದರು. ನೆಲದ ಮೇಲೆ ಬಿದ್ದಿದ್ದ ಬಲೂನಿನ ಬಾಂಬು ಸಿಡಿದು ಆರೂ ಜನ ಸತ್ತರು. ಶತ್ರುವಿಗೆ ಸುಳಿವು ಸಿಗಬಾರದೆಂದು ಸರ್ಕಾರ ಪತ್ರಿಕೆಗಳ ಬಾಯಿ ಮುಚ್ಚಿಸಿತ್ತು. ಅದರಿಂದ ಶತ್ರುವಿಗೆ ಸುಳಿವು ಸಿಗಲಿಲ್ಲ, ಈ ಮಕ್ಕಳಿಗೂ ಎಚ್ಚರಿಕೆ ಸಿಗಲಿಲ್ಲ. ಜಪಾನು ಬಲೂನು ಹಾರಿಸುವುದನ್ನು ಏಪ್ರಿಲ್‌ನಲ್ಲೇ ನಿಲ್ಲಿಸಿಯಾಗಿತ್ತು.

ನಾನು ಈ ಕಥೆಗೆ ಮತ್ತೆ ಮತ್ತೆ ಮರಳುವುದು ಅದರ ಕೊನೆಗಾಗಿ. ಹುಡುಗನಾಗಿದ್ದಾಗ ಟ್ಯೂಲ್ ಲೇಕ್ ಶಿಬಿರದಲ್ಲಿ ಬಂಧಿಯಾಗಿದ್ದ, ಮುಂದೆ ಪ್ರಾಧ್ಯಾಪಕರಾದ ಜಪಾನಿ ಮೂಲದ ಅಮೆರಿಕನ್ನರೊಬ್ಬರು ಬ್ಲೈನ ಸಾವುಗಳ ವಿಷಯವನ್ನು ಆ ಹಳೆಯ ಶಾಲಾ ಹುಡುಗಿಯರಲ್ಲಿ ಕೆಲವರಿಗೆ ತಿಳಿಸಿದರು. ಅಷ್ಟು ಹೊತ್ತಿಗೆ ಅವರೆಲ್ಲ ವಯಸ್ಸಾದ ಹೆಂಗಸರು. 1987ರಲ್ಲಿ ಅವರು ಸಾವಿರ ಕಾಗದದ ಕೊಕ್ಕರೆಗಳನ್ನು ಮಡಿಚಿ, ಕ್ಷಮೆ ಕೇಳಿ, ಸತ್ತವರ ಮನೆಯವರಿಗೆ ಕಳಿಸಿದರು. 1995ರಲ್ಲಿ ಸ್ಫೋಟವಾದ ಜಾಗದಲ್ಲಿ ಚೆರ್ರಿ ಗಿಡಗಳನ್ನು ನೆಟ್ಟರು.

ಇಂದು ಡ್ರೋನಿನ ಚಿಪ್ಪು ಬಿಚ್ಚುವವರ ಮುಂದೆಯೂ ಇದೇ ಮಿತಿಯಿದೆ. ಯಂತ್ರ ಎಲ್ಲಿ ತಯಾರಾಯಿತು, ಎಲ್ಲಿಂದ ಎದ್ದಿತು ಎಂದು ಅವರು ಹೇಳಬಲ್ಲರು. ಅದರಾಚೆ ಇರುವ ಮನುಷ್ಯರನ್ನು ಪ್ರಯೋಗಾಲಯ ಗುರುತಿಸಲಾರದು. ಬ್ಲೈನ ವಿಷಯದಲ್ಲಿ ಆ ಕೆಲಸವನ್ನು, ನಲವತ್ತೆರಡು ವರ್ಷ ತಡವಾಗಿ, ಕಾಗದ ಅಂಟಿಸಿದವರೇ ಮುಂದೆ ಬಂದು ಮಾಡಿದರು. ಯಾರೂ ಅವರನ್ನು ಹುಡುಕುತ್ತಿರಲಿಲ್ಲ.